ಬಿಗಿದಷ್ಟೂ ಭದ್ರವೆಂಬ ಭ್ರಮೆ

ಮೋಟಾರು ದುರಸ್ತಿಯ ಲೋಕದಲ್ಲಿ ಮೇಸ್ತ್ರಿಯಿಂದ ಹುಡುಗನಿಗೆ, ಹುಡುಗ ಮೇಸ್ತ್ರಿಯಾದ ಮೇಲೆ ಅವನಿಂದ ಇನ್ನೊಬ್ಬ ಹುಡುಗನಿಗೆ, ಬರಹದ ಹಂಗಿಲ್ಲದೆ ಇಳಿದುಬಂದ ಮತವೊಂದುಂಟು. ಬೋಲ್ಟು ಬಿಗಿದಷ್ಟೂ ಭದ್ರ. ಎಷ್ಟು ಬಿಗಿಯಬೇಕೆಂಬುದನ್ನು ಪಳಗಿದ ಕೈ ತಾನೇ ಬಲ್ಲದು. ಇದೇ ಆ ಮತದ ಸಾರ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ, ಹೆದ್ದಾರಿಯ ಬದಿಯ ತಗಡಿನ ಚಪ್ಪರಗಳಲ್ಲಿ ಇದು ನಿರ್ವಿವಾದವಾದ ಆಚಾರವಾಗಿ ನಿಂತಿರುವುದು ಆಶ್ಚರ್ಯವಲ್ಲ. ಗಾಜಿನ ಗೋಡೆಯ ಈಚೆ ಗಿರಾಕಿಯನ್ನು ಕೂರಿಸಿ ಕಾಫಿ ಕೊಡುವ ದೊಡ್ಡ ಸರ್ವೀಸ್ ಸ್ಟೇಷನ್ನುಗಳಲ್ಲಿಯೂ, ಕಂಪನಿ ಕೊಟ್ಟ ಅಳತೆಯ ಕೋಷ್ಟಕ ಗೋಡೆಯ ಮೇಲೆ ತೂಗುತ್ತಿರುವಾಗಲೇ, ಅದರ ಅಡಿಯಲ್ಲಿ ನಿಂತ ಕೆಲಸಗಾರನು ಅತ್ತ ಕಣ್ಣೆತ್ತಿಯೂ ನೋಡದೆ ರ‍್ಯಾಚೆಟ್ಟಿನ ಹಿಡಿಯನ್ನು ಮೈಯ ಭಾರವೆಲ್ಲ ಹಾಕಿ ಎಳೆಯುವನೆಂಬುದು ಆಶ್ಚರ್ಯ. ಆ ಮತವನ್ನು ಖಂಡಿಸುವುದು ಈ ಲೇಖನದ ಉದ್ದೇಶ; ಅದಕ್ಕೆ ನಾನು ಆರಿಸಿಕೊಂಡ ಕ್ಷೇತ್ರ ಕಾರಿನ ಸ್ಟೀರಿಂಗ್ ಕಾಲಂ.

ಎಲ್ಲ ಬೋಲ್ಟುಗಳ ವಿಷಯದಲ್ಲಿಯೂ ಈ ಮತ ಸಮಾನವಾದ ಅನರ್ಥವನ್ನು ಮಾಡುತ್ತದೆಂದು ಹೇಳಲಾರೆ. ನಂಬರ್ ಪ್ಲೇಟಿನ ತಿರುಪನ್ನು ಹೆಚ್ಚು ಬಿಗಿದರೆ ತಗಡು ಸೊಟ್ಟಗಾದೀತು, ಕಡಿಮೆ ಬಿಗಿದರೆ ಗಡಗಡ ಸದ್ದು ಮಾಡೀತು, ಲೋಕಕ್ಕೆ ನಷ್ಟವಿಲ್ಲ. ಕಾಲಂ ಹಾಗಲ್ಲ. ಚಾಲಕನ ಕೈಯಲ್ಲಿರುವ ಚಕ್ರದಿಂದ ಹೊರಟು, ಡ್ಯಾಶ್‌ಬೋರ್ಡಿನ ಅಡಿಯ ಬ್ರಾಕೆಟ್ಟಿಗೆ ತೂಗಿಕೊಂಡು, ಪೆಡಲುಗಳ ಬಳಿ ಎರಡು ಕೀಲುಗಳುಳ್ಳ ನಡುದಂಡವೊಂದರ ಮೂಲಕ ಇಳಿದು, ಮುಂಗಾಲಿಗಳನ್ನು ತಿರುಗಿಸುವ ರ‍್ಯಾಕನ್ನು ಸೇರುವ ಈ ಅಂಗಕ್ಕೆ ನಟ್ಟು ಬೋಲ್ಟುಗಳ ಪರಿವಾರ ಬಹಳ ಚಿಕ್ಕದು: ಚಕ್ರದ ನಡುವೆ ಒಂದು, ಬ್ರಾಕೆಟ್ಟಿಗೆ ಮೂರೋ ನಾಲ್ಕೋ, ನಡುದಂಡದ ಒಂದೊಂದು ಕೀಲಿಗೆ ಒಂದೊಂದು. ಬ್ರೇಕು ಕೈಕೊಟ್ಟರೆ ಹ್ಯಾಂಡ್‌ಬ್ರೇಕ್ ಉಂಟು, ಗೇರು ಇಳಿಸುವ ಉಪಾಯವುಂಟು. ಎಂಜಿನ್ನು ಕೆಟ್ಟರೆ ಕಾರು ತಾನಾಗಿಯೇ ನಿಲ್ಲುತ್ತದೆ. ಓಡುತ್ತಿರುವ ಕಾರಿನಲ್ಲಿ ಚಕ್ರವೇ ಕಳಚಿ ಕೈಗೆ ಬಂದರೆ ಚಾಲಕನಿಗೆ ದಿಕ್ಕನ್ನು ಬದಲಿಸುವ ಎರಡನೆಯ ಸಾಧನವಿಲ್ಲ. ಹಿಂದೆ ಈ ಅಂಗವನ್ನು ಬಿಚ್ಚುವ ಸಂದರ್ಭಗಳಾದರೂ ವಿರಳವಾಗಿದ್ದವು. ಸುಜುಕಿ ಕಂಪನಿ 1988ರಲ್ಲಿ ಸೆರ್ವೊ ಎಂಬ ತನ್ನ ಪುಟ್ಟ ಕಾರಿನ ಕಾಲಂಗೆ ವಿದ್ಯುತ್ ಮೋಟಾರೊಂದನ್ನು ಜೋಡಿಸಿ ದಾರಿ ತೋರಿತು. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಪವರ್ ಸ್ಟೀರಿಂಗಿನ ಮೋಟಾರು ಕಾಲಂ ಮೇಲೆಯೇ ಕುಳಿತಿದೆ. ಮೋಟಾರು ಕೆಟ್ಟರೆ, ಸೆನ್ಸರ್ ಕೆಟ್ಟರೆ, ಕೀಲು ಕಟಕಟವೆಂದರೆ, ಕಾಲಂ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ಏರಿದಾಗಲೆಲ್ಲ ಆ ಆರೇಳು ಬೋಲ್ಟುಗಳ ಮೇಲೆ ಯಾರದೋ ಕೈ ಬೀಳುತ್ತದೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸದೆ ಖಂಡಿಸುವುದು ನ್ಯಾಯವಲ್ಲ. ಮೇಸ್ತ್ರಿ ಹೇಳುವುದನ್ನು ಕೇಳೋಣ. “ಬೋಲ್ಟು ಕೂತಿತೋ ಇಲ್ಲವೋ ಎಂಬುದು ಪಾನದ ಮೂಲಕ ನನ್ನ ಮಣಿಕಟ್ಟಿಗೆ ಗೊತ್ತಾಗುತ್ತದೆ ಸ್ವಾಮಿ, ಥ್ರೆಡ್ ಹೋಗುವುದಕ್ಕೆ ಮುಂಚೆಯೇ ಕೈಗೆ ಸುಳಿವು ಸಿಗುತ್ತದೆ. ಇಷ್ಟು ವರ್ಷ ಬಿಗಿದಿದ್ದೇನೆ, ನಾನು ಬಿಗಿದ ಸ್ಟೀರಿಂಗ್ ಒಂದೂ ಸಡಿಲವಾಗಿ ವಾಪಸು ಬಂದಿಲ್ಲ. ಕಂಪನಿಯ ಪುಸ್ತಕ ಬರೆದವನು ಈ ಗುಂಡಿಬಿದ್ದ ರಸ್ತೆಯನ್ನು ನೋಡಿದ್ದಾನೆಯೆ? ಅವನು ಹೇಳಿದ್ದಕ್ಕಿಂತ ಒಂದು ಎಳೆ ಹೆಚ್ಚು ಬಿಗಿದರೆ ತಪ್ಪೇನು?” ಈ ಮಾತಿನಲ್ಲಿ ಸತ್ಯಾಂಶವಿದೆ. ಅಡ್ಡ ಹಿಡಿದ ಥ್ರೆಡ್ಡನ್ನು ಮೊದಲ ಸುತ್ತಿನಲ್ಲಿಯೇ ಗುರುತಿಸಿ ಹಿಂದಕ್ಕೆ ತಿರುಗಿಸುವುದು ಮನುಷ್ಯನ ಬೆರಳೇ ಹೊರತು ಗ್ಯಾರೇಜಿನ ಯಾವ ಸಲಕರಣೆಯೂ ಅಲ್ಲ. ಕಾಲಂ ಕೂಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಹಿಡಿಸಿ, ಅಂಗವು ತನ್ನ ನೆಲೆಗೆ ಸರಿಯಾಗಿ ಬಂದ ಮೇಲೆ ಬಿಗಿಯಲು ತೊಡಗಬೇಕೆಂಬ ವಿವೇಕವೂ ಕೈಯ ಅನುಭವದಿಂದಲೇ ಹುಟ್ಟಿದ್ದು. ನಾನು ಅಲ್ಲಗಳೆಯುವುದು ಕೈಯ ಜ್ಞಾನವನ್ನಲ್ಲ. ಅದು ತಿಳಿಯಲಾರದ ವಿಷಯವೊಂದನ್ನು ತಿಳಿದಿದೆಯೆಂದು ಸಾಧಿಸುವ ಹಟವನ್ನು.

ಬೋಲ್ಟು ಎರಡು ಭಾಗಗಳನ್ನು ಹೇಗೆ ಹಿಡಿದಿಡುತ್ತದೆಂಬುದನ್ನು ವಿಚಾರಿಸಿದರೆ ಆ ವಿಷಯ ಯಾವುದೆಂಬುದು ಸ್ಪಷ್ಟವಾಗುತ್ತದೆ. ತಿರುಗಿಸುತ್ತ ಹೋದಂತೆ ಬೋಲ್ಟಿನ ಉಕ್ಕು ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಉದ್ದಕ್ಕೆ ಎಳೆಯಲ್ಪಡುತ್ತದೆ; ಎಳೆಯಲ್ಪಟ್ಟ ಉಕ್ಕು ತನ್ನ ಪೂರ್ವಸ್ಥಿತಿಗೆ ಮರಳಲು ಹವಣಿಸುತ್ತದೆ; ಆ ಹವಣಿಕೆಯೇ ನಡುವಿನ ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುವ ಬಲ. ಎಳೆತಕ್ಕೂ ಬಲಕ್ಕೂ ಇರುವ ಅನುಪಾತವನ್ನು ರಾಬರ್ಟ್ ಹುಕ್ 1678ರಷ್ಟು ಹಿಂದೆಯೇ ಪ್ರಕಟಿಸಿದನು. ಆ ಅನುಪಾತಕ್ಕೊಂದು ಮೇರೆಯುಂಟೆಂಬುದನ್ನೂ, ಮೇರೆಯನ್ನು ದಾಟಿದ ಉಕ್ಕು ಜಗ್ಗಿದ್ದು ಜಗ್ಗಿದಂತೆಯೇ ಉಳಿದು ಮೊದಲಿನ ಅಳತೆಗೆ ಮರಳುವುದಿಲ್ಲವೆಂಬುದನ್ನೂ ಇಂದು ಪಾಲಿಟೆಕ್ನಿಕ್ಕಿನ ಮೊದಲ ವರ್ಷದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣುತ್ತಾನೆ. ಬೇಕಾದದ್ದು ಉಕ್ಕಿನೊಳಗಿನ ಈ ಸೆಳೆತ. ಪಾನ ಹಿಡಿದ ಕೈಗೆ ತಿಳಿಯುವುದಾದರೋ ತಿರುಗಿಸಲು ಬೇಕಾದ ಶ್ರಮ ಮಾತ್ರ. ಇವೆರಡೂ ಒಂದೇ ಎಂದು ಭಾವಿಸಿರುವುದೇ ಸಕಲ ದೋಷಗಳಿಗೂ ಮೂಲ. ನಾವು ಹಾಕುವ ಶ್ರಮದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಅಡಿಯ ಘರ್ಷಣೆಗೆ ವ್ಯಯವಾಗುತ್ತದೆ. ಹತ್ತರಲ್ಲಿ ನಾಲ್ಕು ಪಾಲು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಥ್ರೆಡ್ಡಿನಲ್ಲಿ ತುಕ್ಕಿದ್ದರೆ ಆ ಒಂದು ಪಾಲು ಅರ್ಧ ಪಾಲಾಗಬಹುದು. ಎಣ್ಣೆ ತಗುಲಿದ್ದರೆ ಒಂದೂವರೆ ಪಾಲಾಗಬಹುದು. ಕೈಗೆ ಮಾತ್ರ ಎರಡೂ ಬೋಲ್ಟುಗಳು ಸಮಾನವಾಗಿ ಬಿಗಿದಂತೆಯೇ ತೋರುತ್ತವೆ.

ವೀಣೆಯ ತಂತಿಯನ್ನು ಬಿಗಿಯುವ ವೈಣಿಕನು ಯಾವ ಮಾಪಕವನ್ನು ಹಿಡಿದಿರುತ್ತಾನೆಂದು ಮೇಸ್ತ್ರಿಯ ಪರವಾಗಿ ಕೇಳುವವರುಂಟು. ಉದಾಹರಣೆ ಸೊಗಸಾದದ್ದು, ಆದರೆ ಅದು ವಾದಿಯ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ಬಿರಡೆಯನ್ನು ತಿರುಗಿಸುವಾಗ ವೈಣಿಕನು ನಂಬುವುದು ಬೆರಳನ್ನಲ್ಲ, ಕಿವಿಯನ್ನು. ತಂತಿಯ ಸೆಳೆತ ಎಷ್ಟೆಂಬುದನ್ನು ತಂತಿಯೇ ನಾದವಾಗಿ ಹೇಳುತ್ತದೆ. ಬಿರಡೆ ಸಡಿಲವಿದ್ದರೂ ಬಿಗಿಯಿದ್ದರೂ ಶ್ರುತಿ ಸುಳ್ಳಾಡುವುದಿಲ್ಲ. ಅವನ ಕಿವಿಗೆ ಅರಳೆಯಿಟ್ಟು, ಬಿರಡೆಯ ತಿರುವಿನ ಬಿರುಸನ್ನಷ್ಟೇ ನೋಡಿಕೊಂಡು ಮೇಳೈಸಲು ಹೇಳಿದರೆ ಎಂತಹ ವಿದ್ವಾಂಸನೂ ಸೋಲುವನು. ಡ್ಯಾಶ್‌ಬೋರ್ಡಿನ ಅಡಿಯ ಕತ್ತಲಲ್ಲಿ ಮಲಗಿ ಬೋಲ್ಟು ಬಿಗಿಯುವವನ ಸ್ಥಿತಿ ಅದೇ.

ಈಗ ಲೆಕ್ಕವನ್ನೇ ಮಾಡಿ ನೋಡಬಹುದು. ಕಾಲಂ ಬಳಿ ಸಾಮಾನ್ಯವಾಗಿ ಕಾಣುವುದು 8 ಮಿಲಿಮೀಟರ್ ವ್ಯಾಸದ ಬೋಲ್ಟು. ಗ್ಯಾರೇಜಿನಲ್ಲಿ ಅದಕ್ಕೆ ಹನ್ನೆರಡರ ಇಲ್ಲವೆ ಹದಿಮೂರರ ಪಾನ. ಅದರ ತಲೆಯ ಮೇಲೆ 8.8 ಎಂಬ ಅಂಕಿಯಿದ್ದರೆ, ಅದರ ಉಕ್ಕು ಒಂದು ಚದರ ಮಿಲಿಮೀಟರಿಗೆ 640 ನ್ಯೂಟನ್ನಿನವರೆಗೆ ಸೈರಿಸಿಕೊಂಡು ಆಮೇಲೆ ಜಗ್ಗತೊಡಗುತ್ತದೆ, 800ರಲ್ಲಿ ತುಂಡಾಗುತ್ತದೆ. ಥ್ರೆಡ್ಡಿನ ಜಾಗದಲ್ಲಿ ಭಾರ ಹೊರುವ ವಿಸ್ತೀರ್ಣ 36.6 ಚದರ ಮಿಲಿಮೀಟರ್. ಆದಕಾರಣ ಸುಮಾರು 23,400 ನ್ಯೂಟನ್ನಿಗೆ ಜಗ್ಗುತ್ತದೆ, 29,300ಕ್ಕೆ ಕತ್ತರಿಸುತ್ತದೆ. ಒಣ ಉಕ್ಕಿನ ಸಾಧಾರಣ ಘರ್ಷಣೆಯನ್ನು ಹಿಡಿದು ಇದನ್ನು ತಿರುಚುಬಲಕ್ಕೆ ಪರಿವರ್ತಿಸಿದರೆ, ಜಗ್ಗುವುದು 37 ನ್ಯೂಟನ್ ಮೀಟರಿನ ಸುಮಾರಿಗೆ, ಕತ್ತರಿಸುವುದು 47ರ ಸುಮಾರಿಗೆ. ಎಂಜಿನಿಯರನು ಉಚಿತವೆಂದು ವಿಧಿಸುವುದು 25ರ ಆಸುಪಾಸು. ಇನ್ನು ಮೇಸ್ತ್ರಿಯ ರ‍್ಯಾಚೆಟ್ಟಿಗೆ ಬನ್ನಿ. ಅದರ ಹಿಡಿ 25 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತುದಿಯಲ್ಲಿ ಹಿಡಿದು ಇಪ್ಪತ್ತು ಕಿಲೋ ಭಾರದಷ್ಟು ಎಳೆದರೆ, ಇದು ಆರೋಗ್ಯವಂತನಾದ ಮನುಷ್ಯನಿಗೆ ಶ್ರಮವೇ ಅಲ್ಲ, ಬೋಲ್ಟಿನ ಮೇಲೆ ಬೀಳುವುದು 49 ನ್ಯೂಟನ್ ಮೀಟರ್. ವಿಧಿಸಿದ್ದರ ಎರಡರಷ್ಟಾಯಿತು; ತುಂಡಾಗುವ ಮೇರೆಯನ್ನೂ ಮುಟ್ಟಿತು. ಹಿಡಿಗೆ ಪೈಪು ತೊಡಿಸಿ ಬಿಗಿಯುವ ವೀರರ ಮಾತನ್ನು ನಾನು ಇಲ್ಲಿ ಎತ್ತುವುದೇ ಇಲ್ಲ. ‘ಒಂದು ಎಳೆ ಹೆಚ್ಚು’ ಎಂಬ ಉದಾರವಾಣಿಗೆ ಎಷ್ಟು ಅಲ್ಪವಾದ ಅವಕಾಶವಿದೆಯೆಂಬುದು ಈ ಅಂಕಿಗಳಿಂದ ತಿಳಿದೀತು. ಬೋಲ್ಟು ಕೂತಿರುವುದು ಪವರ್ ಸ್ಟೀರಿಂಗಿನ ಅಲ್ಯೂಮಿನಿಯಂ ಕವಚದ ಥ್ರೆಡ್ಡಿನಲ್ಲಾದರೆ ಉಕ್ಕಿಗಿಂತ ಮೊದಲು ಕವಚವೇ ಸೋಲುತ್ತದೆ. ಥ್ರೆಡ್ ಹೋದ ಕವಚಕ್ಕೆ ಗ್ಯಾರೇಜಿನಲ್ಲಿ ಮಾಡುವ ಉಪಚಾರಗಳ ಕಥೆ ಬೇರೆಯೇ ಒಂದು ಲೇಖನಕ್ಕೆ ಆದೀತು.

ಇಲ್ಲಿ ಪ್ರತಿವಾದಿಗಳಲ್ಲಿ ಓದಿದವನೊಬ್ಬನು ಎದ್ದು ನಿಲ್ಲುತ್ತಾನೆ. ಅಳತೆಯಿಟ್ಟು ಬಿಗಿಯುವ ಟಾರ್ಕ್ ರೆಂಚೂ ಅಳೆಯುವುದು ತಿರುಚುಬಲವನ್ನೇ ಅಲ್ಲವೆ, ಬೋಲ್ಟಿನ ಸೆಳೆತವನ್ನಲ್ಲವಲ್ಲ, ಘರ್ಷಣೆಯ ಮೋಸ ಅದಕ್ಕೂ ತಗುಲುವುದಲ್ಲವೆ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಯೋಗ್ಯವಾದದ್ದು. ಯಂತ್ರವಿನ್ಯಾಸದ ಗ್ರಂಥಗಳಲ್ಲಿ ರೂಢಿಯಾಗಿ ಕೊಡುವ ಅಂಕಿಗಳ ಪ್ರಕಾರ, ಕೈಯಂದಾಜಿನಿಂದ ಬಿಗಿದ ಬೋಲ್ಟಿನ ಸೆಳೆತ ಉದ್ದೇಶಿಸಿದ್ದಕ್ಕಿಂತ ನೂರಕ್ಕೆ 35ರಷ್ಟು ಆಚೀಚೆಯಾಗಬಹುದು. ಟಾರ್ಕ್ ರೆಂಚಿನಿಂದ ಬಿಗಿದದ್ದೂ ನೂರಕ್ಕೆ 25ರಷ್ಟು ಆಚೀಚೆಯಾಗಬಹುದು. ಅಂತರವೇನು ಬೆಟ್ಟದಷ್ಟಲ್ಲ. ಆದರೆ ರೆಂಚಿನ 25ರಲ್ಲಿ ಬಹುಭಾಗ ಘರ್ಷಣೆಯ ಅನಿಶ್ಚಯದಿಂದ ಬಂದದ್ದು. ಆ ಅನಿಶ್ಚಯವನ್ನು ಕಡಿಮೆ ಮಾಡುವ ವಿಧಿಗಳನ್ನು ಕಂಪನಿಯ ಪುಸ್ತಕವೇ ಹೇಳುತ್ತದೆ: ಥ್ರೆಡ್ ಶುಚಿಯಾಗಿರಲಿ, ಎಣ್ಣೆ ಹಚ್ಚೆಂದಲ್ಲಿ ಮಾತ್ರ ಹಚ್ಚು, ಹೊಸ ಬೋಲ್ಟು ಎಂದಲ್ಲಿ ಹೊಸದನ್ನೇ ಹಾಕು. ಕೈಯಂದಾಜಿಗೋ, ಘರ್ಷಣೆಯ ಅನಿಶ್ಚಯದೊಡನೆ ಮನುಷ್ಯನ ಅನಿಶ್ಚಯವೂ ಕೂಡಿಕೊಳ್ಳುತ್ತದೆ. ಬೆಳಗಿನ ತೋಳು ಬೇರೆ, ಸಂಜೆಯ ತೋಳು ಬೇರೆ. ಗಿರಾಕಿ ತಲೆಯ ಮೇಲೆ ನಿಂತಿದ್ದಾಗಿನ ತೋಳು ಇನ್ನೂ ಬೇರೆ. ಅಪೂರ್ಣವಾದ ಅಳತೆಯನ್ನು ದೂಷಿಸಿ ಅಳತೆಯೇ ಇಲ್ಲದಿರುವುದನ್ನು ಸಮರ್ಥಿಸುವುದು ತರ್ಕವಾಗಲಾರದು.

ಹೆಚ್ಚು ಬಿಗಿಯುವುದನ್ನು ನಿಂದಿಸಿ ನೀವು ಸಡಿಲವನ್ನು ಪ್ರತಿಪಾದಿಸುತ್ತಿದ್ದೀರೆಂಬ ಆಕ್ಷೇಪಣೆ ಬರುವುದು ಸಹಜ. ಸಡಿಲದ ಅಪಾಯ ನಿಜವಾದದ್ದೇ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರನು 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಬೋಲ್ಟು ತಾನಾಗಿ ಬಿಚ್ಚಿಕೊಳ್ಳಲು ಮುಖ್ಯ ಕಾರಣ ಅದಕ್ಕೆ ಅಡ್ಡಲಾಗಿ ಭಾಗಗಳು ಅತ್ತಿತ್ತ ಜಾರುವುದೆಂಬುದು ಸ್ಥಾಪಿತವಾಯಿತು. ಅದುಮುಬಲ ಸಾಲದಿದ್ದಲ್ಲಿ ಜಾರಿಕೆ ಆರಂಭವಾಗುತ್ತದೆ, ಜಾರಿಕೆ ಆರಂಭವಾದಲ್ಲಿ ಬೋಲ್ಟು ಸುತ್ತು ಸುತ್ತಾಗಿ ಹಿಂದಕ್ಕೆ ಬರುತ್ತದೆ. ಫೋರ್ಡ್ ಕಂಪನಿ 2018ರ ಮಾರ್ಚಿಯಲ್ಲಿ ಉತ್ತರ ಅಮೆರಿಕದಲ್ಲಿ ಫ್ಯೂಷನ್ ಮತ್ತು ಲಿಂಕನ್ ಎಂಕೆಝಡ್ ಎಂಬ ಕಾರುಗಳನ್ನು, ಸುಮಾರು 13 ಲಕ್ಷ 80 ಸಾವಿರವನ್ನು, ಹಿಂದಕ್ಕೆ ಕರೆಯಬೇಕಾಯಿತು. ಕೈಚಕ್ರದ ನಡುವಿನ ಬೋಲ್ಟು ಬಿಗಿತವನ್ನು ಉಳಿಸಿಕೊಳ್ಳದೆ ಚಕ್ರವು ಕಾಲಂನಿಂದ ಕಳಚಿಬರುವ ಸಂಭವವಿತ್ತು. ಈ ಪ್ರಕರಣವನ್ನು ‘ಬಿಗಿದಷ್ಟೂ ಭದ್ರ’ವಾದಿಗಳು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಬಹುದು. ಆದರೆ ಕಂಪನಿ ಮಾಡಿದ ಪರಿಹಾರವೇನೆಂಬುದನ್ನು ಅವರು ನೋಡಬೇಕು. ಅದೇ ಬೋಲ್ಟನ್ನು ಇನ್ನೂ ಬಲವಾಗಿ ಬಿಗಿಯಿರೆಂದು ಯಾರೂ ಆಜ್ಞಾಪಿಸಲಿಲ್ಲ. ಥ್ರೆಡ್ ಹೆಚ್ಚು ಹಿಡಿಯುವಂತೆ ಇನ್ನೂ ಉದ್ದವಾದ, ಥ್ರೆಡ್ಡಿನ ಮೇಲೆ ಹಿಂದಿಗಿಂತ ದೊಡ್ಡದಾದ ನೈಲಾನ್ ಪಟ್ಟಿಯುಳ್ಳ ಬೋಲ್ಟನ್ನು ಕೊಟ್ಟರು. ತೋಳಿನ ಬಲದಿಂದ ತುಂಬಲಾಗದ ಕೊರತೆಯೊಂದು ಅಲ್ಲಿತ್ತು. ಹಾಗೆಯೇ ನೈಲಾನ್ ಪಟ್ಟಿಯ ಬೋಲ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಬಿಸಾಡಿ ಹೊಸದನ್ನು ಹಾಕಬೇಕೆಂದು ಪುಸ್ತಕ ಹೇಳಿದಾಗ, “ಹಳೇದೇ ಗಟ್ಟಿಯಾಗಿದೆ, ಎರಡೇಟು ಜಾಸ್ತಿ ಬಿಗಿದರೆ ಆಯಿತು” ಎನ್ನುವ ಮಿತವ್ಯಯಿಯು ಉಳಿಸುವುದು ಕೆಲವು ಹತ್ತು ರೂಪಾಯಿಗಳನ್ನು ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಬೋಲ್ಟುಗಳಿಗೂ ಅನ್ವಯಿಸುವಂಥದು. ಕಾಲಂಗೇ ವಿಶಿಷ್ಟವಾದ, ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗುರುತರವಾದ, ಕಾರಣವೊಂದು ಉಳಿದಿದೆ. ಕಾರಿನ ಬಹುಪಾಲು ಅಂಗಗಳ ಕರ್ತವ್ಯ ಎಂದೆಂದಿಗೂ ಹಿಡಿದು ನಿಲ್ಲುವುದು. ಕಾಲಂಗಾದರೋ ಹಿಡಿದು ನಿಲ್ಲುವುದರ ಜೊತೆಗೆ, ಒಂದು ನಿಶ್ಚಿತ ಕ್ಷಣದಲ್ಲಿ ಸೋತು ಕುಸಿಯುವ ಕರ್ತವ್ಯವನ್ನೂ ಕೊಡಲಾಗಿದೆ. ಹಳೆಯ ಕಾರುಗಳಲ್ಲಿ ಕಾಲಂ ಎಂಬುದು ಒಂದೇ ಗಟ್ಟಿ ದಂಡವಾಗಿತ್ತು. ಎದುರಿನಿಂದ ಡಿಕ್ಕಿಯಾದಾಗ ಕಾರಿನ ಮೂತಿಯೊಡನೆ ಹಿಂದಕ್ಕೆ ನುಗ್ಗಿ ಚಾಲಕನ ಎದೆಯನ್ನು ಒಡೆಯುತ್ತಿತ್ತು. ಜನರಲ್ ಮೋಟಾರ್ಸ್ ಕಂಪನಿ 1967ರ ಮಾದರಿಗಳಿಂದ ಕುಸಿಯುವ ಕಾಲಂ ಅಳವಡಿಸತೊಡಗಿತು. ಅಮೆರಿಕದಲ್ಲಿ 1968ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದಾಗ ಕಾಲಂ ಚಾಲಕನತ್ತ 127 ಮಿಲಿಮೀಟರಿಗಿಂತ ಹೆಚ್ಚು ಸರಿಯಕೂಡದು. ನಮ್ಮ ದೇಶದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ವಿಹಿತವಾದ, ಗಂಟೆಗೆ 56 ಕಿಲೋಮೀಟರ್ ವೇಗದ ಡಿಕ್ಕಿಪರೀಕ್ಷೆಯಲ್ಲಿಯೂ ಕೈಚಕ್ರ ಹಿಂದಕ್ಕೆ 100, ಮೇಲಕ್ಕೆ 80 ಮಿಲಿಮೀಟರಿನೊಳಗೆ ನಿಲ್ಲಬೇಕು. ಇದನ್ನು ಸಾಧಿಸಲು ದಂಡವನ್ನು ಒಂದರೊಳಗೊಂದು ಜಾರುವ ಕೊಳವೆಗಳನ್ನಾಗಿ ಮಾಡಿದ್ದಾರೆ. ಅನೇಕ ಕಾರುಗಳಲ್ಲಿ ಕಾಲಂ ಬ್ರಾಕೆಟ್ಟು ಕಾರಿನ ಒಡಲಿಗೆ ನೇರವಾಗಿ ಅಂಟಿಕೊಂಡಿರದೆ, ಸಣ್ಣ ಪ್ಲಾಸ್ಟಿಕ್ ಗೂಟಗಳಿಂದ ಹಿಡಿದ ಕ್ಯಾಪ್ಸೂಲುಗಳ ಮೂಲಕ ಬೋಲ್ಟಿಗೆ ಕೂತಿರುತ್ತದೆ. ಚಾಲಕನ ಮೈ ಚಕ್ರಕ್ಕೆ ಬಂದು ಬಡಿದಾಗ ಆ ಗೂಟಗಳು ಕತ್ತರಿಸಿ, ಬ್ರಾಕೆಟ್ಟು ಕ್ಯಾಪ್ಸೂಲಿನಿಂದ ಜಾರಿ, ಕಾಲಂ ಮುಂದಕ್ಕೆ ಸರಿದು, ಬಡಿತದ ವೇಗವನ್ನು ತಾನು ನುಂಗಿಕೊಳ್ಳುತ್ತದೆ.

ಇಂತಹ ಜೋಡಣೆಯ ಮುಂದೆ ‘ಬಿಗಿದಷ್ಟೂ ಭದ್ರ’ವೆಂಬ ಮತವನ್ನು ತಂದು ನಿಲ್ಲಿಸಿದರೆ ಅದರ ವೈಪರೀತ್ಯ ಎದ್ದು ಕಾಣುತ್ತದೆ. ಮೇಸ್ತ್ರಿಯು ಮೈಬಲದಿಂದ ಬಿಗಿದಾಗ ಕ್ಯಾಪ್ಸೂಲು ಬಿರುಕುಬಿಟ್ಟೀತು. ಕೆಲವು ವಿನ್ಯಾಸಗಳಲ್ಲಿ ಜಾರಬೇಕಾದ ಬ್ರಾಕೆಟ್ಟು ಅದುಮಿ ಹಿಡಿದಂತಾಗಿ ಜಾರದೆ ಹೋದೀತು. ಇದ್ದ ಬೋಲ್ಟು ಕಳೆದುಹೋಯಿತೆಂದು ಡಬ್ಬದಲ್ಲಿ ಹುಡುಕಿ ಅದೇ ದಪ್ಪದ, ಇನ್ನೂ ಉದ್ದವಾದ, ಆದ್ದರಿಂದ ಅವನ ಕಣ್ಣಿಗೆ ಇನ್ನೂ ಭದ್ರವಾದ, ಬೋಲ್ಟೊಂದನ್ನು ಹಾಕಿದನೆಂದು ಇಟ್ಟುಕೊಳ್ಳಿ. ಹೆಚ್ಚಾದ ಆ ಉದ್ದವು ಕುಸಿಯಬೇಕಾದ ಭಾಗಕ್ಕೆ ಅಡ್ಡಬಂದು ಕಾಲಂ ಕುಸಿಯದಂತೆ ತಡೆಯಬಹುದೆಂದು ಅಮೆರಿಕದ ಹಳೆಯ ವರ್ಕ್‌ಶಾಪ್ ಪುಸ್ತಕಗಳು ದಪ್ಪಕ್ಷರಗಳಲ್ಲಿ ಎಚ್ಚರಿಸಿವೆ. ಕಳಚಿ ಬಾರದ ಕೈಚಕ್ರವನ್ನು ಬಿಡಿಸಲು ದಂಡದ ತುದಿಗೆ ಸುತ್ತಿಗೆಯಿಂದ ಬಡಿಯುವುದು ನಮ್ಮಲ್ಲಿ ಸಾಮಾನ್ಯ. ಒಳಗಿನ ಪ್ಲಾಸ್ಟಿಕ್ ಗೂಟಗಳು ಆ ಪೆಟ್ಟಿಗೇ ಕತ್ತರಿಸಿಹೋಗಬಹುದು, ಕತ್ತರಿಸಿದ್ದು ಹೊರಗೆ ಕಾಣುವುದಿಲ್ಲ. ಇವುಗಳಲ್ಲಿ ಯಾವುದೂ ಕಾರು ಗ್ಯಾರೇಜಿನಿಂದ ಹೊರಟ ದಿನ ಸದ್ದು ಮಾಡದು, ಅಲುಗಾಡದು. ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಗಿದೆಯೆಂದು ಒಡೆಯನು ಮೆಚ್ಚಿ ಹಣ ಕೊಟ್ಟುಹೋಗುತ್ತಾನೆ. ನಮ್ಮ ಹಿರಿಯ ಮೇಸ್ತ್ರಿಗಳ ಕೈ ಪಳಗಿದ್ದು ಆರಂಭದ ಅಂಬಾಸಡರಿನ ಕಾಲದಲ್ಲಿ; ಅದರ ಮೂಲವಿನ್ಯಾಸ ಕುಸಿಯುವ ಕಾಲಂ ಹುಟ್ಟುವುದಕ್ಕೆ ಮುಂಚಿನದು. ಆ ಕಾರಿಗೆ ಸಲ್ಲುತ್ತಿದ್ದ ಕೈಯನ್ನು ಈ ಕಾರಿನ ಮೇಲೆ ಹಾಕುವುದು ಅನುಭವದ ದುರುಪಯೋಗ.

ಬಿಗಿತದಿಂದ ಏನನ್ನೂ ಸಾಧಿಸಲಾಗದ ಇನ್ನೊಂದು ಜಾಗ ನಡುದಂಡದ ಕೀಲು. ರ‍್ಯಾಕಿನಿಂದ ಮೇಲೆ ಬರುವ ಹಲ್ಲುಳ್ಳ ದಂಡಿಗೆಯನ್ನು ಕೀಲಿನ ಸೀಳುಕೊರಳು ಹಿಡಿದುಕೊಳ್ಳುತ್ತದೆ. ಆ ಕೊರಳನ್ನು ಅಡ್ಡಬೋಲ್ಟೊಂದು ಬಿಗಿಯುತ್ತದೆ. ಬೋಲ್ಟು ದಂಡಿಗೆಯಲ್ಲಿ ಕೊರೆದ ಕಚ್ಚಿನ ಮೂಲಕವೇ ಹಾಯುವಂತೆ ಸಾಮಾನ್ಯವಾಗಿ ರಚಿಸಿರುತ್ತಾರೆ, ಕೊರಳು ಎಂದಾದರೂ ಸಡಿಲವಾದರೂ ದಂಡಿಗೆ ಜಾರಿ ಹೊರಬರದಿರಲೆಂದು. ಕೂಡಿಸುವಾಗ ದಂಡಿಗೆ ಪೂರ್ತಿ ಒಳಸೇರದೆ ಒಂದಿಷ್ಟು ಹೊರಗುಳಿದರೆ ಬೋಲ್ಟು ಕಚ್ಚಿನೊಳಗೆ ಹೋಗದೆ ದಂಡಿಗೆಯ ತುದಿಯ ಆಚೆ ಹಾಯುತ್ತದೆ. ಆಗಲೂ ಅದು ಬಿಗಿಯಾಗುತ್ತದೆ, ಪಾನಕ್ಕೆ ಎದುರು ನಿಲ್ಲುತ್ತದೆ, ಮಣಿಕಟ್ಟಿಗೆ “ಕೂತೆ” ಎಂದು ಹೇಳುತ್ತದೆ. ಇಲ್ಲಿ ರೆಂಚೂ ಸುಳ್ಳು ಹೇಳುತ್ತದೆ. ಟಾರ್ಚು ಹಿಡಿದು ಕಣ್ಣಿನಿಂದ ನೋಡುವುದೊಂದೇ ದಾರಿ. ಬೋಲ್ಟೇ ಇಲ್ಲದೆಯೂ ಕೈಗೆ ಭದ್ರವಾಗಿ ತೋರಬಹುದೆಂಬುದಕ್ಕೆ ಸಾಕ್ಷಿಯೂ ಉಂಟು. ಟೆಸ್ಲಾ ಕಂಪನಿಯ ಮಾಡೆಲ್ ವೈ ಕಾರುಗಳೆರಡರಲ್ಲಿ ಓಡುತ್ತಿರುವಾಗಲೇ ಕೈಚಕ್ರ ಕಳಚಿಬಂದ ದೂರಿನ ಮೇಲೆ ಅಮೆರಿಕದ ರಸ್ತೆಸುರಕ್ಷಾ ಇಲಾಖೆ 2023ರ ಮಾರ್ಚಿಯಲ್ಲಿ ವಿಚಾರಣೆ ಆರಂಭಿಸಿತು. ಎರಡೂ ಕಾರುಗಳಿಗೆ ಕಾರ್ಖಾನೆಯಲ್ಲಿಯೇ, ಕೊನೆಯ ಹಂತದ ರಿಪೇರಿಗೆಂದು, ಚಕ್ರವನ್ನು ಬಿಚ್ಚಿ ಮತ್ತೆ ಹಾಕಲಾಗಿತ್ತು. ಹಾಕಿದವರು ಬೋಲ್ಟನ್ನು ಹಾಕಿರಲಿಲ್ಲ. ಹಲ್ಲುಗಳ ಘರ್ಷಣೆಯೊಂದೇ ಅಷ್ಟು ದಿನ ಚಕ್ರವನ್ನು ಹಿಡಿದಿತ್ತು. 

ಇನ್ನು ಅನುಭವದ ಪ್ರಮಾಣ. “ನಾನು ಬಿಗಿದದ್ದು ವಾಪಸು ಬಂದಿಲ್ಲ” ಎಂಬ ವಾಕ್ಯವನ್ನು ಪರೀಕ್ಷಿಸಿದರೆ ಅದು ಪ್ರಮಾಣವೇ ಅಲ್ಲ. ಜಗ್ಗಿದ ಬೋಲ್ಟು ಮುರಿಯುವುದು ಸಾವಿರಾರು ಕಿಲೋಮೀಟರ್ ಓಡಿದ ಮೇಲೆ, ಬೇರೆ ಊರಿನಲ್ಲಿ, ಬೇರೊಬ್ಬನ ಕೈಯಲ್ಲಿ. ಕುಸಿಯದ ಕಾಲಂ ಸಾಕ್ಷಿ ನುಡಿಯುವುದು ಡಿಕ್ಕಿಯ ಕ್ಷಣದಲ್ಲಿ. ಆಮೇಲೆ ಆ ಕಾರು ಹೋಗುವುದು ಗುಜರಿಗೆ, ಮೇಸ್ತ್ರಿಯ ಬಳಿಗಲ್ಲ. ತಪ್ಪು ತನ್ನ ಬಳಿಗೆ ಮರಳಿ ಬಾರದ ಉದ್ಯೋಗದಲ್ಲಿ ವರ್ಷಗಳು ಎಷ್ಟು ಕೂಡಿದರೂ ಜ್ಞಾನ ಕೂಡುವುದಿಲ್ಲ. ಅನುಭವವೂ ಮೋಸಹೋದೀತೆಂಬುದಕ್ಕೆ ಬೇರೆ ಕ್ಷೇತ್ರದ ನಿದರ್ಶನವೊಂದುಂಟು. ಬ್ರಿಟನ್ನಿನಲ್ಲಿ 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು 17,300 ಅಡಿ ಎತ್ತರದಲ್ಲಿ ಹಾರಿಹೋಗಿ, ಕ್ಯಾಪ್ಟನ್ ಅರ್ಧ ಮೈ ಹೊರಗೆ ಸೆಳೆಯಲ್ಪಟ್ಟು, ಸಹೋದ್ಯೋಗಿಗಳು ಕಾಲು ಹಿಡಿದುಕೊಂಡಿದ್ದರಿಂದ ಬದುಕಿದ ಪ್ರಸಂಗ ಪ್ರಸಿದ್ಧವಾದದ್ದು. ಗಾಜನ್ನು ಹಿಂದಿನ ದಿನವಷ್ಟೇ ಬದಲಾಯಿಸಲಾಗಿತ್ತು. ಬದಲಾಯಿಸಿದವನು ಹುಡುಗನಲ್ಲ, ಅನುಭವಸ್ಥನಾದ ಮೇಲ್ವಿಚಾರಕ. ಪಟ್ಟಿಯಲ್ಲಿ ಬೋಲ್ಟಿನ ಸಂಖ್ಯೆಯನ್ನು ನೋಡದೆ, ಬಿಚ್ಚಿದ ಹಳೆಯ ಬೋಲ್ಟಿನ ಪಕ್ಕ ಹಿಡಿದು ಕಣ್ಣಳತೆಯಿಂದ ಹೊಸವನ್ನು ಆರಿಸಿದನು. ಹಾಕಿದ 90ರಲ್ಲಿ 84 ಬೋಲ್ಟುಗಳ ವ್ಯಾಸ 0.66 ಮಿಲಿಮೀಟರಿನಷ್ಟು ಕಡಿಮೆಯಿತ್ತು. ಉಳಿದ ಆರು ಗಿಡ್ಡವಾಗಿದ್ದವು. ಅವನ ಕೈಯಲ್ಲಿ ಅಳತೆಯ ತಿರುಪುಳಿಯೂ ಇತ್ತೆಂಬುದನ್ನು ಮರೆಮಾಚಲಾರೆ. ಸಣ್ಣ ಬೋಲ್ಟು ದೊಡ್ಡ ಥ್ರೆಡ್ಡಿನಲ್ಲಿ ಜಾರಿದ್ದನ್ನೇ ಅವನ ಕೈ ತಿರುಪುಳಿಯ ‘ಕ್ಲಿಕ್’ ಎಂದು ಭಾವಿಸಿತು.

ಆದ್ದರಿಂದ ಟಾರ್ಕ್ ರೆಂಚನ್ನು ಮಂಟಪದಲ್ಲಿ ಕೂರಿಸಿ ಪೂಜಿಸಿರೆಂದು ನಾನು ಹೇಳುತ್ತಿಲ್ಲ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬವನು ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಮನಬಂದಂತೆ ಬಿಗಿಯುವುದನ್ನು ಕಂಡು 1918ರಲ್ಲಿ ರೂಪಿಸಿದ ಈ ಸಲಕರಣೆ, ತನ್ನ ಕೆಲಸಕ್ಕೆ ಕೆಲವು ಮರ್ಯಾದೆಗಳನ್ನು ಬೇಡುತ್ತದೆ. ಇಂಪ್ಯಾಕ್ಟ್ ಗನ್ನಿನಿಂದ ಗರ್ರೆಂದು ಬಿಗಿದುಬಿಟ್ಟ ಬೋಲ್ಟಿನ ಮೇಲೆ ಕೊನೆಗೊಮ್ಮೆ ರೆಂಚಿಟ್ಟು ‘ಕ್ಲಿಕ್’ ಎನಿಸುವುದು ಶಾಸ್ತ್ರಕ್ಕೆ ಮಾಡಿದ ನಾಟಕ. ಆಗಲೇ ಮಿತಿ ಮೀರಿದ್ದನ್ನು ಅದು ಹೇಳಲಾರದು. ಅದೇ ರೆಂಚಿನಿಂದ ತುಕ್ಕುಹಿಡಿದ ಬೋಲ್ಟನ್ನು ಬಿಚ್ಚುವವನೂ, ಕೆಲಸವಾದ ಮೇಲೆ ಸ್ಪ್ರಿಂಗನ್ನು ಸಡಿಲಿಸದೆ ಹಾಗೆಯೇ ಡಬ್ಬಕ್ಕೆ ಎಸೆಯುವವನೂ ಅಳತೆಯನ್ನು ಕೊಲ್ಲುತ್ತಿದ್ದಾರೆ.

ಮೇಸ್ತ್ರಿಯೊಬ್ಬನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ಲೇಖನವನ್ನು ಮುಗಿಸಿದರೆ ಅನ್ಯಾಯವಾದೀತು. ಸಾಧಾರಣವಾದ ರೆಂಚಿನ ಬೆಲೆ ಕೆಲವು ಸಾವಿರ ರೂಪಾಯಿ. ಅದನ್ನು ಅವನು ಹೇಗೋ ಕೊಂಡಾನು. ಕಾರಿನ ಕಂಪನಿಯ ರಿಪೇರಿ ಪುಸ್ತಕವನ್ನು ಎಲ್ಲಿಂದ ತಂದಾನು? ಯಾವ ಬೋಲ್ಟಿಗೆ ಎಷ್ಟು ಎಂಬ ಅಂಕಿಗಳನ್ನು ತಮ್ಮ ಅಧಿಕೃತ ಕೇಂದ್ರಗಳೊಳಗೆ ಬಚ್ಚಿಟ್ಟುಕೊಂಡು, ಹೊರಗಿನವನು ಕೈಯಂದಾಜಿನಿಂದ ಬಿಗಿದನೆಂದು ಆಕ್ಷೇಪಿಸುವುದು ಕಂಪನಿಗಳಿಗೆ ಶೋಭಿಸುವುದಿಲ್ಲ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ರಚಿಸಿ, ಅದರ ವ್ಯಾಪ್ತಿಗೆ ಮೋಟಾರು ವಾಹನಗಳನ್ನೂ ಸೇರಿಸಿತು. ಬೇರೆ ಯಾವ ಗುಟ್ಟನ್ನು ಕಂಪನಿಗಳು ಕಾಪಾಡಿಕೊಂಡರೂ ಕೊಳ್ಳಲಿ. ಸ್ಟೀರಿಂಗಿನದೂ ಬ್ರೇಕಿನದೂ ಬಿಗಿತದ ಅಂಕಿಗಳು, ಒಮ್ಮೆ ಮಾತ್ರ ಬಳಸತಕ್ಕ ಬೋಲ್ಟುಗಳ ಪಟ್ಟಿ, ಇವು ಕನ್ನಡದಲ್ಲಿ, ಯಾರು ಕೇಳಿದರೂ, ಪುಕ್ಕಟೆಯಾಗಿ ದೊರೆಯಬೇಕು. ಇದರಲ್ಲಿ ವ್ಯಾಪಾರದ ರಹಸ್ಯವೆಂಬುದು ಏನೂ ಇಲ್ಲ.

ಕಾರಿನ ಒಡೆಯರಿಗೂ ಒಂದು ಮಾತು. ನಿಮ್ಮ ಕಾರಿನ ಸ್ಟೀರಿಂಗ್ ಬಿಚ್ಚಿ ಕೂಡಿಸಿದ ದಿನ, ಹಣ ಕೊಡುವುದಕ್ಕೆ ಮುಂಚೆ, ಬೋಲ್ಟುಗಳನ್ನು ಯಾವ ಅಂಕಿಗೆ ಬಿಗಿದಿರಿ, ಆ ಅಂಕಿ ಎಲ್ಲಿಂದ ಬಂತು ಎಂದು ವಿನಯದಿಂದಲೇ ಕೇಳಿ. ಬಿಚ್ಚಿದ ಹಳೆಯ ಬೋಲ್ಟುಗಳನ್ನು ತೋರಿಸಲು ಹೇಳಿ. ಕೆಳಗಿನ ಕೀಲಿನ ಬೋಲ್ಟು ಕಚ್ಚಿನಲ್ಲಿ ಹಾದಿರುವುದನ್ನು ಟಾರ್ಚು ಬಿಟ್ಟು ನೋಡಿದವರು ಯಾರೆಂದು ವಿಚಾರಿಸಿ. “ಫುಲ್ ಟೈಟ್ ಮಾಡಿದ್ದೇನೆ ಸಾರ್, ಭಯ ಬೇಡ” ಎಂಬುದೊಂದೇ ಉತ್ತರವಾಗಿ ಬಂದರೆ ಕಾರನ್ನು ಆ ದಿನ ಅಲ್ಲಿಂದ ಓಡಿಸಿಕೊಂಡು ಹೋಗಬೇಡಿ.